ಹೃದಯಕ್ಕೆ 'ಸಾಕು, ಈಗ ಸುಮ್ನಿರು' ಅನ್ನೋ ಬಾಗಿಲು

ನೀವು ಮೆಟ್ರೋದಲ್ಲಿ ನಿಂತು ಕೇಳ್ತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ, ರಾತ್ರಿ ನಿದ್ದೆ ಬರ್ಲಿಲ್ಲ ಅಂತ ಕೇಳ್ತಿದ್ದೀರೋ ನಂಗೆ ಗೊತ್ತಿಲ್ಲ. ಎಲ್ಲೇ ಇದ್ರೂ ಇವತ್ತಿನ ವಿಷಯ ನಿಮ್ಮ ಜೊತೆಗೇ ಇದೆ. ನಿಮ್ಮ ಎದೆಯೊಳಗೆ, ಪ್ರತಿ ಬಡಿತಕ್ಕೂ ಒಮ್ಮೆ ತೆರೆದು ಮುಚ್ಚಿಕೊಳ್ಳೋ ಒಂದು ಬಾಗಿಲಿನ ಬಗ್ಗೆ ಮಾತಾಡೋಣ.

1990ರ ಡಿಸೆಂಬರ್. ಅಮೆರಿಕದ 'ಜಾಮಾ' ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ವರದಿ ಬಂತು. 39 ವರ್ಷದ ಒಬ್ಬ ಮಹಿಳೆ. ಎರಡು ದಿನದಿಂದ ತಲೆ ಸುತ್ತು, ಮಧ್ಯೆ ಮಧ್ಯೆ ಪ್ರಜ್ಞೆ ತಪ್ಪಿ ಬೀಳ್ತಿದ್ರು. ಆಸ್ಪತ್ರೆಗೆ ಸೇರಿಸಿ ಇಸಿಜಿ ನೋಡಿದ್ರೆ, ಹೃದಯದ ಲಯವೇ ಅಪಾಯಕಾರಿಯಾಗಿ ತಪ್ಪಿಹೋಗಿತ್ತು. ಏನೇನು ಮಾತ್ರೆ ತಗೋತಿದ್ರು ಅಂತ ಲೆಕ್ಕ ತೆಗೆದ್ರು. ಹತ್ತು ದಿನದ ಹಿಂದೆ ಡಾಕ್ಟರು ಬರೆದುಕೊಟ್ಟಿದ್ದು ಎರಡು: ಒಂದು ಆಂಟಿಬಯೋಟಿಕ್, ಇನ್ನೊಂದು ಟರ್ಫೆನಡಿನ್ ಅನ್ನೋ ಅಲರ್ಜಿ ಮಾತ್ರೆ. ಆಮೇಲೆ, ಎಂಟನೇ ದಿನಕ್ಕೆ, ಫಂಗಸ್ ಸೋಂಕಿಗೆ ಅಂತ ಕೀಟೋಕೊನಜೋಲ್ ಮಾತ್ರೇನ ಅವರೇ ಶುರು ಮಾಡ್ಕೊಂಡಿದ್ರು. ಯಾರನ್ನೂ ಕೇಳದೆ.

ಸೀನು ನಿಲ್ಲಿಸೋ ಮಾತ್ರೆ ಒಂದು, ತುರಿಕೆ ನಿಲ್ಲಿಸೋ ಮಾತ್ರೆ ಇನ್ನೊಂದು. ಇವೆರಡಕ್ಕೂ ಹೃದಯಕ್ಕೂ ಏನು ಸಂಬಂಧ? ಸಂಬಂಧ ಇರೋದು ಪೊಟ್ಯಾಸಿಯಂ ಚಾನೆಲ್ ಅನ್ನೋ ಒಂದು ಪ್ರೋಟೀನ್ ಹತ್ರ. ಅಲ್ಲಿಗೆ ಹೋಗೋಕೆ ಮುಂಚೆ ಒಂದು ಮಾತು. ನಾನು ಬಿಕಾಂ ಓದಿದವಳು, ಡಾಕ್ಟರ್ ಅಲ್ಲ. ಹಾಗಾಗಿ ನಂಗೆ ಅರ್ಥ ಆಗೋ ಭಾಷೆ, ಅಂದ್ರೆ ಜಮಾ-ಖರ್ಚಿನ ಭಾಷೆಯಲ್ಲೇ ಹೇಳ್ತೀನಿ. ಈ ವಿಷಯಕ್ಕೆ ಅದು ಚೆನ್ನಾಗೇ ಒಗ್ಗುತ್ತೆ.

ಒಳಗೆ ಪೊಟ್ಯಾಸಿಯಂ, ಹೊರಗೆ ಸೋಡಿಯಂ

ನಮ್ಮ ದೇಹದ ಪ್ರತಿ ಜೀವಕೋಶಕ್ಕೂ ಒಂದು ತೆಳು ಪೊರೆ ಇದೆ. ಜಿಡ್ಡಿನ ಪೊರೆ. ಅದರ ಹೊರಗಡೆ ಸೋಡಿಯಂ ಜಾಸ್ತಿ, ಅಂದ್ರೆ ನಮ್ಮ ಅಡುಗೆ ಉಪ್ಪಿನಲ್ಲಿ ಇರೋದು. ಒಳಗಡೆ ಪೊಟ್ಯಾಸಿಯಂ ಜಾಸ್ತಿ. ಎಷ್ಟು ಜಾಸ್ತಿ ಅಂದ್ರೆ, ಹೊರಗಿಗಿಂತ ಒಳಗೆ ಸುಮಾರು 30 ಪಟ್ಟು.

ಈ ವ್ಯತ್ಯಾಸ ತಾನಾಗೇ ಉಳಿಯಲ್ಲ. ಅದನ್ನ ಉಳಿಸೋಕೆ ಪೊರೆಯಲ್ಲಿ ಪಂಪುಗಳಿವೆ. ಒಂದೊಂದು ಪಂಪೂ 3 ಸೋಡಿಯಂ ಹೊರಗೆ ಹಾಕಿ, 2 ಪೊಟ್ಯಾಸಿಯಂ ಒಳಗೆ ತರುತ್ತೆ. ಮತ್ತೆ ಅದೇ ಕೆಲಸ, ಹಗಲೂ ರಾತ್ರಿ. ನೀವು ತಿಂದ ಅನ್ನ, ಮುದ್ದೆ, ರೊಟ್ಟಿಯಿಂದ ಬಂದ ಶಕ್ತಿಯ ಒಂದು ದೊಡ್ಡ ಪಾಲು ಈ ಪಂಪುಗಳಿಗೇ ಖರ್ಚಾಗುತ್ತೆ. ಸುಮ್ನೆ ಮಲಗಿದ್ರೂ ಖರ್ಚು ತಪ್ಪಲ್ಲ.

ಇಷ್ಟು ಖರ್ಚು ಮಾಡಿ ಈ ಅಸಮತೋಲನ ಯಾಕೆ ಇಟ್ಕೋಬೇಕು? ಯಾಕಂದ್ರೆ ಅದೇ ನಮ್ಮ ಬಂಡವಾಳ. ಅಣೆಕಟ್ಟಿನ ಹಿಂದೆ ನೀರು ನಿಲ್ಲಿಸಿದ ಹಾಗೆ. ಗೇಟ್ ತೆರೆದಾಗ ನೀರು ನುಗ್ಗುತ್ತೆ, ಕೆಲಸ ಆಗುತ್ತೆ. ಸೋಡಿಯಂ, ಪೊಟ್ಯಾಸಿಯಂ ಎರಡಕ್ಕೂ ವಿದ್ಯುತ್ ಆವೇಶ ಇದೆ, ಹಾಗಾಗಿ ಅವುಗಳನ್ನ ಅಯಾನು ಅಂತೀವಿ. ಅಯಾನು ಓಡಾಡಿದ್ರೆ ಅದೇ ಕರೆಂಟು. ನೀವು ಈಗ ನನ್ನ ಮಾತು ಕೇಳ್ತಿರೋದು, ಬೆರಳಲ್ಲಿ ಸ್ಕ್ರೀನ್ ಮುಟ್ಟೋದು, ಹೃದಯ ಬಡಿಯೋದು, ಎಲ್ಲಾ ಈ ಕರೆಂಟಿಂದಲೇ. ಇದನ್ನ ಮೊದಲು ಲೆಕ್ಕಕ್ಕೆ ಇಳಿಸಿದ್ದು ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ ಅನ್ನೋ ಇಂಗ್ಲೆಂಡಿನ ಇಬ್ಬರು. ಸ್ಕ್ವಿಡ್ ಅನ್ನೋ ಸಮುದ್ರಜೀವಿಯ ದಪ್ಪ ನರ ಇಟ್ಕೊಂಡು, 1952ರಲ್ಲಿ. ಮೊದಲು ಸೋಡಿಯಂ ಒಳಗೆ ನುಗ್ಗುತ್ತೆ, ಸಂಕೇತ ಏಳುತ್ತೆ. ಆಮೇಲೆ ಪೊಟ್ಯಾಸಿಯಂ ಹೊರಗೆ ಹೋಗುತ್ತೆ, ಸಂಕೇತ ಇಳಿಯುತ್ತೆ. 1963ರಲ್ಲಿ ಅವರಿಗೆ ನೊಬೆಲ್ ಬಂತು.

ಅಂದ್ರೆ ಸೋಡಿಯಂ 'ಶುರು ಮಾಡು' ಅಂತ ಹೇಳೋದು. ಪೊಟ್ಯಾಸಿಯಂ 'ಸಾಕು, ಈಗ ಸುಮ್ನಿರು' ಅಂತ ಹೇಳೋದು. ಈ ಎರಡನೇ ಮಾತು ಮೊದಲನೇದರಷ್ಟೇ ಮುಖ್ಯ. ಅದನ್ನ ಮರೀಬೇಡಿ, ಆಮೇಲೆ ಬೇಕಾಗುತ್ತೆ.

ಚಿಕ್ಕವನಿಗೆ ಪ್ರವೇಶ ಇಲ್ಲ, ದೊಡ್ಡವನಿಗೆ ಇದೆ

ಈಗ ವಿಜ್ಞಾನಿಗಳ ತಲೆ ಕೆಡಿಸಿದ ಒಂದು ಒಗಟು. ಪೊಟ್ಯಾಸಿಯಂ ಅಯಾನಿನ ತ್ರಿಜ್ಯ 1.33 ಆಂಗ್‌ಸ್ಟ್ರಾಮ್. ಸೋಡಿಯಂದು 0.95. ಒಂದು ಆಂಗ್‌ಸ್ಟ್ರಾಮ್ ಅಂದ್ರೆ, ಒಂದು ಮಿಲಿಮೀಟರನ್ನ ಒಂದು ಕೋಟಿ ಭಾಗ ಮಾಡಿದ್ರೆ ಅದರಲ್ಲಿ ಒಂದು ಭಾಗ. ಅಂದ್ರೆ ಸೋಡಿಯಂ ಚಿಕ್ಕದು, ಪೊಟ್ಯಾಸಿಯಂ ದೊಡ್ಡದು. ಜರಡಿಯಲ್ಲಿ ದೊಡ್ಡ ಕಾಳು ಇಳಿದ್ರೆ ಚಿಕ್ಕ ಕಾಳು ಇಳೀಲೇಬೇಕು ತಾನೆ? ಆದ್ರೆ ಪೊಟ್ಯಾಸಿಯಂ ಚಾನೆಲ್‌ನಲ್ಲಿ ದೊಡ್ಡದು ಸಲೀಸಾಗಿ ಹೋಗುತ್ತೆ, ಚಿಕ್ಕದು ಹೊರಗೇ ನಿಲ್ಲುತ್ತೆ. ಸುಮಾರು 10,000 ಪೊಟ್ಯಾಸಿಯಂ ದಾಟಿದ್ರೆ ಒಂದು ಸೋಡಿಯಂ ನುಸುಳಬಹುದು, ಅಷ್ಟೆ. ಇಷ್ಟು ಕಟ್ಟುನಿಟ್ಟಾಗಿ ತಪಾಸಣೆ ಮಾಡಿದ್ರೂ ಕ್ಯೂ ನಿಲ್ಲಲ್ಲ. ಕೆಲವು ಚಾನೆಲ್‌ಗಳಲ್ಲಿ ಸೆಕೆಂಡಿಗೆ ಕೋಟಿಗಟ್ಟಲೆ ಅಯಾನುಗಳು ದಾಟ್ತವೆ. ನಮ್ಮ ಟೋಲ್ ಗೇಟ್ ನೆನಪಾಯ್ತಾ? ಬೇಡ ಬಿಡಿ.

ಒಗಟು ಬಿಡಿಸಿದ್ದು ರೋಡರಿಕ್ ಮ್ಯಾಕಿನನ್. ಅವರು ಓದಿದ್ದು ಡಾಕ್ಟರಿಕೆ. ಆಮೇಲೆ ಸಂಶೋಧನೆಗೆ ಬಂದು, ಚಾನೆಲ್ ಹೇಗಿದೆ ಅಂತ ನೋಡಲೇಬೇಕು ಅನ್ನೋ ಹಟಕ್ಕೆ ಎಕ್ಸ್-ರೇ ಕ್ರಿಸ್ಟಲೋಗ್ರಫಿ ಅನ್ನೋ ವಿದ್ಯೆಯನ್ನ ಹೊಸದಾಗಿ ಕಲಿತರು. ಪ್ರೋಟೀನನ್ನ ಹರಳಾಗಿಸಿ, ಅದರ ಮೇಲೆ ಎಕ್ಸ್-ರೇ ಬಿಟ್ಟು, ಒಂದೊಂದು ಪರಮಾಣು ಎಲ್ಲಿದೆ ಅಂತ ಪತ್ತೆ ಮಾಡೋದು. ಮನುಷ್ಯರ ಚಾನೆಲ್ ಹರಳಾಗಿಸೋದು ಆಗ ಬಹಳ ಕಷ್ಟ. ಅವರು ಹಿಡಿದಿದ್ದು ಮಣ್ಣಲ್ಲಿರೋ ಒಂದು ಬ್ಯಾಕ್ಟೀರಿಯಾದ ಚಾನೆಲ್. 1998ರಲ್ಲಿ ಅದರ ರಚನೆ ಪ್ರಕಟ ಆಯ್ತು. 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್, ನೀರಿನ ಚಾನೆಲ್ ಕಂಡುಹಿಡಿದ ಪೀಟರ್ ಆಗ್ರೆ ಜೊತೆ.

ಅವರಿಗೆ ಕಂಡಿದ್ದು ಏನು? ಅಯಾನು ಯಾವಾಗಲೂ ಒಂಟಿಯಾಗಿ ಇರಲ್ಲ. ಸುತ್ತ ನೀರಿನ ಅಣುಗಳು ಅಂಟಿಕೊಂಡಿರ್ತವೆ. ಚಾನೆಲ್‌ನ ಕಿರಿದಾದ ಜಾಗಕ್ಕೆ ಹೋಗಬೇಕಾದ್ರೆ ಆ ನೀರನ್ನ ಬಿಟ್ಟು ಹೋಗಬೇಕು. ನೀರು ಬಿಡೋಕೆ ಶಕ್ತಿ ಖರ್ಚಾಗುತ್ತೆ. ಈಗ ಆ ಕಿರಿದಾದ ಜಾಗದ ಗೋಡೆ ನೋಡಿ. ಅಲ್ಲಿ ಆಮ್ಲಜನಕದ ಪರಮಾಣುಗಳು ಸಾಲಾಗಿ ನಿಂತಿವೆ. ಎಷ್ಟು ದೂರದಲ್ಲಿ ಅಂದ್ರೆ, ಪೊಟ್ಯಾಸಿಯಂ ಸುತ್ತ ನೀರು ಇದ್ದ ದೂರಕ್ಕೆ ಸರಿಯಾಗಿ. ಪೊಟ್ಯಾಸಿಯಂ ನೀರು ಬಿಟ್ಟು ಒಳಗೆ ಬಂದ್ರೆ, ಈ ಆಮ್ಲಜನಕಗಳು ಅದನ್ನ ಅದೇ ರೀತಿ ಹಿಡ್ಕೊಳ್ತವೆ. ಖರ್ಚು ಮಾಡಿದ್ದು ಪೂರ್ತಿ ವಾಪಸ್ ಬಂತು. ಲೆಕ್ಕ ಸರಿಹೋಯ್ತು.

ಸೋಡಿಯಂ ಬಂದ್ರೆ? ಅದೂ ನೀರು ಬಿಡಬೇಕು, ಖರ್ಚು ಇನ್ನೂ ಜಾಸ್ತಿ. ಆದ್ರೆ ಅದು ಚಿಕ್ಕದು, ಸುತ್ತಲಿನ ಆಮ್ಲಜನಕಗಳಿಗೆ ಎಲ್ಲ ಕಡೆಯಿಂದ ಎಟುಕಲ್ಲ. ಹಾಕಿದ ದುಡ್ಡು ವಾಪಸ್ ಬರಲ್ಲ. ನಷ್ಟದ ವ್ಯಾಪಾರ ಯಾರು ಮಾಡ್ತಾರೆ? ಅದು ಹೊರಗೇ ಉಳಿಯುತ್ತೆ. ಇದನ್ನ ಓದಿದ ದಿನ ನಂಗೆ ಭಾರೀ ಖುಷಿ ಆಯ್ತು. ಕಾವಲುಗಾರ ಇಲ್ಲ, ಗುರುತಿನ ಚೀಟಿ ಇಲ್ಲ. ಬರೀ ಲಾಭ-ನಷ್ಟ!

ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಇರೋ ಈ ಏರ್ಪಾಡು ಹೆಚ್ಚುಕಮ್ಮಿ ಅದೇ ರೂಪದಲ್ಲಿ ನಮ್ಮಲ್ಲೂ ಇದೆ. ನಮ್ಮ ವಂಶವಾಹಿಗಳಲ್ಲಿ ಸುಮಾರು 80 ಬಗೆಯ ಪೊಟ್ಯಾಸಿಯಂ ಚಾನೆಲ್‌ಗಳಿಗೆ ಸೂಚನೆ ಬರೆದಿದೆ. ನರಕ್ಕೊಂದು, ಮೂತ್ರಪಿಂಡಕ್ಕೊಂದು, ಇನ್ಸುಲಿನ್ ಬಿಡೋ ಕೋಶಕ್ಕೊಂದು. ಇವತ್ತು ನಮಗೆ ಬೇಕಾದ್ದು ಹೃದಯದಲ್ಲಿರೋ ಒಂದು. ಅದರ ಹೆಸರು ಹರ್ಗ್.

ಕುಣಿಯೋ ನೊಣದ ಹೆಸರು, ನಮ್ಮ ಎದೆಯಲ್ಲಿ

ಹರ್ಗ್ ಅನ್ನೋ ಹೆಸರಿನ ಕಥೆ ತಮಾಷೆಯಾಗಿದೆ. 1960ರ ದಶಕದಲ್ಲಿ ಅಮೆರಿಕದ ವಿಜ್ಞಾನಿಗಳು ಹಣ್ಣಿನ ನೊಣಗಳ ಮೇಲೆ ಕೆಲಸ ಮಾಡ್ತಿದ್ರು. ಬಾಳೆಹಣ್ಣು ಕೊಳೆತ್ರೆ ಸುತ್ತ ಹಾರಾಡೋ ಪುಟ್ಟ ನೊಣ ಇದೆಯಲ್ಲ, ಅದೇ. ನೊಣಗಳಿಗೆ ಈಥರ್ ಕೊಟ್ಟು ಮಂಪರು ಬರಿಸೋದು ಅವರ ರೂಢಿ. ಒಂದು ಜಾತಿಯ ನೊಣ ಮಾತ್ರ ಈಥರ್ ಕೊಟ್ಟಾಗ ಸುಮ್ನೆ ಬಿದ್ದಿರದೆ ಕಾಲು ಕುಣಿಸ್ತಿತ್ತು. ಆಗ ಅಮೆರಿಕದ ಕ್ಲಬ್ಬುಗಳಲ್ಲಿ 'ಗೋ ಗೋ' ಡಾನ್ಸ್ ಹವಾ. ಸರಿ, ಆ ವಂಶವಾಹಿಗೆ 'ಈಥರ್ ಅ ಗೋ ಗೋ' ಅಂತ ಹೆಸರಿಟ್ರು. 1994ರಲ್ಲಿ ಅದರದ್ದೇ ಸಂಬಂಧಿ ಮನುಷ್ಯರಲ್ಲೂ ಸಿಕ್ತು. ಆ ಉದ್ದ ಹೆಸರಿನ ಮೊದಲಕ್ಷರ ಸೇರಿಸಿದ್ರೆ ಹರ್ಗ್.

ಮರುವರ್ಷ, 1995ರಲ್ಲಿ, ತಮಾಷೆ ಗಂಭೀರ ಆಯ್ತು. ಕೆಲವು ಕುಟುಂಬಗಳಲ್ಲಿ ಆರೋಗ್ಯವಾಗಿದ್ದ ಹುಡುಗ ಹುಡುಗಿಯರು ಇದ್ದಕ್ಕಿದ್ದಂಗೆ ಪ್ರಜ್ಞೆ ತಪ್ಪೋದು, ಕೆಲವೊಮ್ಮೆ ತೀರಿಕೊಳ್ಳೋದು ತಲೆಮಾರುಗಳಿಂದ ನಡೀತಿತ್ತು. ಲಾಂಗ್ ಕ್ಯೂಟಿ ಸಿಂಡ್ರೋಮ್ ಅಂತ ಆ ಸ್ಥಿತಿಗೆ ಹೆಸರು. ಅದರ ಒಂದು ಬಗೆಗೆ ಕಾರಣ ಹರ್ಗ್‌ನಲ್ಲಿರೋ ದೋಷ ಅಂತ ಅಮೆರಿಕದ ಯೂಟಾದ ಸಂಶೋಧಕರು ತೋರಿಸಿದ್ರು.

ಕ್ಯೂಟಿ ಅಂದ್ರೆ ಏನು? ಇಸಿಜಿ ಪೇಪರಿನಲ್ಲಿ ಏರಿಳಿಯೋ ಗೆರೆ ನೋಡಿದ್ದೀರಲ್ಲ. ಅದರ ಏರಿಳಿತಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಅಂತ ಹೆಸರು. ಕ್ಯೂ ಇಂದ ಟಿ ಮುಗಿಯೋವರೆಗೆ ಅಂದ್ರೆ, ಹೃದಯದ ಕೆಳಗಿನ ಕೋಣೆಗಳಲ್ಲಿ ಕರೆಂಟು ಎದ್ದು, ಮತ್ತೆ ಪೂರ್ತಿ ಇಳಿದು, ಮುಂದಿನ ಬಡಿತಕ್ಕೆ ತಯಾರಾಗೋಕೆ ಹಿಡಿಯೋ ಸಮಯ. ಬಡಿತದ ವೇಗಕ್ಕೆ ಹೊಂದಿಸಿ ಲೆಕ್ಕ ಹಾಕಿದ್ರೆ ಇದು ಸಾಮಾನ್ಯವಾಗಿ 450 ಮಿಲಿಸೆಕೆಂಡ್ ಒಳಗೆ ಇರಬೇಕು, ಹೆಂಗಸರಲ್ಲಿ ಸ್ವಲ್ಪ ಜಾಸ್ತಿ. ಅಂದ್ರೆ ಅರ್ಧ ಸೆಕೆಂಡಿಗಿಂತ ಕಮ್ಮಿ. 500 ದಾಟಿದ್ರೆ ಡಾಕ್ಟರುಗಳು ಗಾಬರಿ ಆಗ್ತಾರೆ. ಆ 39 ವರ್ಷದ ಮಹಿಳೆಗೆ ಇದು 655 ಇತ್ತು.

ಈ ಇಳಿಯೋ ಕೆಲಸದಲ್ಲಿ ಹರ್ಗ್‌ದು ದೊಡ್ಡ ಪಾತ್ರ. ಸೋಡಿಯಂ, ಕ್ಯಾಲ್ಸಿಯಂ ಒಳಗೆ ಬಂದು ಹೃದಯ ಹಿಂಡಿಕೊಳ್ಳುತ್ತೆ. ಆಮೇಲೆ ಹರ್ಗ್ ಬಾಗಿಲಿಂದ ಪೊಟ್ಯಾಸಿಯಂ ಹೊರಗೆ ಹೋಗುತ್ತೆ, ಹೃದಯ ಸಡಿಲ ಆಗುತ್ತೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ. ಆ ಬಾಗಿಲು ಸರಿಯಾಗಿ ತೆರೀಲಿಲ್ಲ ಅಂದ್ರೆ ಹೃದಯ ಸುಮ್ಮನಾಗೋಕೆ ತಡ ಆಗುತ್ತೆ. ಹಳೇ ಬಡಿತದ ಲೆಕ್ಕ ಮುಗಿಯೋ ಮುಂಚೆನೇ ಹೊಸ ಬಡಿತ ಏಳಬಹುದು. ಆಗ ಲಯ ತಪ್ಪಿ ಹೃದಯ ಬಡಿಯೋದು ಹೋಗಿ ನಡುಗೋಕೆ ಶುರು ಮಾಡುತ್ತೆ, ಮೆದುಳಿಗೆ ರಕ್ತ ಸರಿಯಾಗಿ ಹೋಗಲ್ಲ, ಮನುಷ್ಯ ಕುಸಿದು ಬೀಳ್ತಾನೆ. ಕೆಲವು ಸಲ ತಾನಾಗೇ ಸರಿಹೋಗುತ್ತೆ. ಕೆಲವು ಸಲ ಹೋಗಲ್ಲ.

ಹುಟ್ಟಿನಿಂದಲೇ ಹರ್ಗ್ ದೋಷ ಇರೋರಿಗೆ ಇದನ್ನ ಕೆರಳಿಸೋದು ಏನು ಗೊತ್ತಾ? ಹಠಾತ್ ಶಬ್ದ. ಮಲಗಿರುವಾಗ ಅಲಾರಂ ಹೊಡ್ಕೊಳ್ಳೋದು, ಫೋನ್ ರಿಂಗ್ ಆಗೋದು. ಅದಕ್ಕೇ ಅಂಥವರ ಮಲಗೋ ಕೋಣೆಯಿಂದ ಜೋರು ಅಲಾರಂ ತೆಗೀರಿ ಅಂತ ಡಾಕ್ಟರುಗಳು ಹೇಳ್ತಾರೆ. ಇದಕ್ಕೆ ಚಿಕಿತ್ಸೆ ಇದೆ, ಬೀಟಾ ಬ್ಲಾಕರ್ ಮಾತ್ರೆಗಳಿವೆ, ಬೇಕಾದ್ರೆ ಎದೆಯಲ್ಲಿ ಇಡೋ ಯಂತ್ರ ಇದೆ. ಆದ್ರೆ ಮೊದಲು ಇದೆ ಅಂತ ಗೊತ್ತಾಗಬೇಕು. ನಮ್ಮಲ್ಲಿ 'ಬಿಸಿಲಿಗೆ ಬಿದ್ದ', 'ಫಿಟ್ಸ್ ಇರಬೇಕು', 'ದೃಷ್ಟಿ ಆಗಿದೆ' ಅಂತ ಬಿಟ್ಟುಬಿಡ್ತೀವಿ. ಮನೆತನದಲ್ಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲಿ ಕಾರಣ ಗೊತ್ತಿಲ್ಲದೆ ತೀರಿಕೊಂಡಿದ್ರೆ, ಅಥವಾ ಭಯ, ಶಬ್ದ, ಓಟದ ಮಧ್ಯೆ ಕುಸಿದು ಬಿದ್ದಿದ್ರೆ, ಒಂದು ಇಸಿಜಿ ಮಾಡಿಸಿ. ದೊಡ್ಡ ಖರ್ಚಲ್ಲ.

ಬಾಗಿಲಲ್ಲಿ ಸಿಕ್ಕಿಬಿದ್ದ ಮಾತ್ರೆ

ಈಗ ಅಲರ್ಜಿ ಮಾತ್ರೆಗೆ ಬರೋಣ. ಹರ್ಗ್ ಚಾನೆಲ್‌ನ ಒಳಗೆ ಒಂದು ಗೂಡಿದೆ. ಅದರ ಗೋಡೆಗೆ ತರಹೇವಾರಿ ಔಷಧಿಗಳು ಬಂದು ಅಂಟಿಕೊಳ್ತವೆ. ಬೇರೆ ಪೊಟ್ಯಾಸಿಯಂ ಚಾನೆಲ್‌ಗಳಿಗೆ ಹೋಲಿಸಿದ್ರೆ ಇದು ಔಷಧಿಗಳಿಗೆ ಬಹಳ ಸುಲಭವಾಗಿ ಸಿಕ್ಕಿಹಾಕ್ಕೊಳ್ಳೋ ಚಾನೆಲ್. ಇವುಗಳಲ್ಲಿ ಬಹಳಷ್ಟು ಹೃದಯಕ್ಕೆ ಅಂತ ಹೊರಟಿದ್ದಲ್ಲ. ಮೂಗಿಗೆ ಅಂತ ಹೊರಟಿದ್ದು, ಹೊಟ್ಟೆಗೆ ಅಂತ ಹೊರಟಿದ್ದು, ದಾರೀಲಿ ಈ ಬಾಗಿಲಿಗೆ ಅಡ್ಡ ನಿಂತುಬಿಡುತ್ತೆ.

ಟರ್ಫೆನಡಿನ್ ಅಂಥದ್ದೊಂದು. ಅಮೆರಿಕದಲ್ಲಿ 1985ರಿಂದ ಮಾರಾಟ. ನಿದ್ದೆ ಬರಿಸದ ಅಲರ್ಜಿ ಮಾತ್ರೆ ಅಂತ ಜನ ಮುಗಿಬಿದ್ದು ತಗೊಂಡ್ರು. ಬಹುತೇಕರಿಗೆ ಏನೂ ಆಗ್ತಿರಲಿಲ್ಲ, ಯಾಕಂದ್ರೆ ಮಾತ್ರೆ ನುಂಗಿದ ಮೇಲೆ ಯಕೃತ್ತಿನ ಒಂದು ಕಿಣ್ವ ಅದನ್ನ ಬೇಗನೆ ಬೇರೆ ವಸ್ತುವಾಗಿ ಬದಲಾಯಿಸಿಬಿಡುತ್ತೆ. ಅಲರ್ಜಿಗೆ ಕೆಲಸ ಮಾಡೋದು ಮುಖ್ಯವಾಗಿ ಆ ಬದಲಾದ ವಸ್ತುವೇ. ಅದು ಹರ್ಗ್ ತಂಟೆಗೆ ಹೋಗಲ್ಲ. ಕೀಟೋಕೊನಜೋಲ್ ಏನು ಮಾಡಿತು? ಯಕೃತ್ತಿನ ಆ ಕಿಣ್ವವನ್ನೇ ತಡೆದು ಕೂರಿಸಿತು. ಟರ್ಫೆನಡಿನ್ ಬದಲಾಗದೆ ರಕ್ತದಲ್ಲಿ ಜಮಾ ಆಗ್ತಾ ಹೋಯ್ತು. ಹರ್ಗ್ ಬಾಗಿಲಿಗೆ ಅಡ್ಡ ನಿಂತಿತು. ಎರಿತ್ರೋಮೈಸಿನ್ ಅನ್ನೋ ಆಂಟಿಬಯೋಟಿಕ್ಕೂ ಇದೇ ಕೆಲಸ ಮಾಡುತ್ತೆ.

ಆ ಬದಲಾದ ವಸ್ತುವಿನ ಹೆಸರು ಫೆಕ್ಸೊಫೆನಡಿನ್. ಇದನ್ನೇ ನೇರವಾಗಿ ಮಾತ್ರೆ ಮಾಡಿದ್ರೆ ಆಯ್ತಲ್ಲ? ಹಾಗೇ ಮಾಡಿದ್ರು, 1996ರಲ್ಲಿ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಸಿಗೋ ಅಲೆಗ್ರಾದಲ್ಲಿ ಇರೋದು ಅದೇ. ಧೂಳಿಗೆ ಸೀನಿ ಸೀನಿ ಸಾಕಾಗಿ ಅದನ್ನ ನುಂಗಿದವರು ನಿಮ್ಮಲ್ಲೂ ಇರ್ತೀರ. ಟರ್ಫೆನಡಿನ್ 1998ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೋಯ್ತು. ಭಾರತದಲ್ಲಿ ಅದನ್ನ ನಿಷೇಧಿಸಿದ್ದು 2003ರಲ್ಲಿ. ಸಿಸಾಪ್ರೈಡ್ ಅಂತ ಹೊಟ್ಟೆ ಉರಿಗೆ ಕೊಡ್ತಿದ್ದ ಇನ್ನೊಂದು ಮಾತ್ರೆ, ಅದೂ ಹರ್ಗ್‌ಗೆ ಅಡ್ಡ ನಿಲ್ಲೋದೇ. ಅಮೆರಿಕದಲ್ಲಿ 2000ದಲ್ಲಿ ನಿಂತಿತು, ನಮ್ಮಲ್ಲಿ 2011ರಲ್ಲಿ. ಆ ನಡುವಿನ ವರ್ಷಗಳನ್ನ ನೀವೇ ಲೆಕ್ಕ ಹಾಕಿ. ನಂಗೆ ಈ ಎರಡು ಸಾಲು ಹೇಳುವಾಗ ಸಿಟ್ಟು ಬರುತ್ತೆ. ಅಪಾಯ ಇದೆ ಅಂತ ಒಂದು ದೇಶಕ್ಕೆ ಗೊತ್ತಾದ ಮೇಲೆ ಇನ್ನೊಂದು ದೇಶದ ಹೃದಯಕ್ಕೆ ಹನ್ನೊಂದು ವರ್ಷ ಕಾಯಬೇಕಾ?

2005ರಲ್ಲಿ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಬಂದವು. ಹೊಸ ಔಷಧಿ ಮಾಡೋರು ಅದು ಹರ್ಗ್‌ಗೆ ಅಡ್ಡ ನಿಲ್ಲುತ್ತಾ, ಕ್ಯೂಟಿ ಹೆಚ್ಚಿಸುತ್ತಾ ಅಂತ ಪರೀಕ್ಷೆ ಮಾಡಿ ತೋರಿಸಬೇಕು. ಕುಣಿಯೋ ನೊಣದಿಂದ ಹೆಸರು ಪಡೆದ ಪ್ರೋಟೀನ್ ಈಗ ಔಷಧಿಗಳ ಬಾಗಿಲು ಕಾಯ್ತಾ ಇದೆ.

ಹಾಗಾದ್ರೆ ಈಗಿರೋ ಮಾತ್ರೆಗಳೆಲ್ಲ ಸೇಫಾ? ಪೂರ್ತಿ ಅಲ್ಲ. ಕೆಲವು ಔಷಧಿಗಳು ಸ್ವಲ್ಪ ಕ್ಯೂಟಿ ಹೆಚ್ಚಿಸಿದ್ರೂ ಅವುಗಳ ಉಪಯೋಗ ದೊಡ್ಡದು ಅಂತ ಇಟ್ಕೊಂಡಿದ್ದಾರೆ. ಅಜಿತ್ರೋಮೈಸಿನ್, ಫ್ಲುಕೊನಜೋಲ್, ವಾಂತಿಗೆ ಕೊಡೋ ಡೊಂಪೆರಿಡೋನ್ ಮತ್ತು ಆಂಡಾನ್ಸೆಟ್ರಾನ್, ಮಾನಸಿಕ ಕಾಯಿಲೆಗೆ ಕೊಡೋ ಕೆಲವು ಮಾತ್ರೆಗಳು. ಒಂದೊಂದೇ, ಸರಿಯಾದ ಪ್ರಮಾಣದಲ್ಲಿ, ಡಾಕ್ಟರು ನೋಡಿ ಕೊಟ್ಟಾಗ ಬಹುಪಾಲು ಜನಕ್ಕೆ ತೊಂದರೆ ಇಲ್ಲ. ತೊಂದರೆ ಬರೋದು ಎರಡು ಮೂರು ಒಟ್ಟಿಗೆ ಸೇರಿದಾಗ. 2020ರಲ್ಲಿ ಕೋವಿಡ್ ಭಯಕ್ಕೆ ಜನ ಹೈಡ್ರಾಕ್ಸಿಕ್ಲೋರೊಕ್ವಿನ್ ಹುಡುಕಿಕೊಂಡು ಹೋಗಿದ್ದು ನೆನಪಿದೆಯಲ್ಲ? ಅದನ್ನ ಅಜಿತ್ರೋಮೈಸಿನ್ ಜೊತೆ ಕೊಡುವಾಗ ಇಸಿಜಿ ನೋಡಿ ಅಂತ ಹೃದಯ ತಜ್ಞರು ಹೇಳಿದ್ದು ಇದೇ ಕಾರಣಕ್ಕೆ.

ಇನ್ನೊಂದು ವಿಚಿತ್ರ ಇದೆ. ರಕ್ತದಲ್ಲಿ ಪೊಟ್ಯಾಸಿಯಂ ಕಮ್ಮಿ ಆದ್ರೆ ಹರ್ಗ್ ಇನ್ನೂ ಸೋಮಾರಿ ಆಗುತ್ತೆ. ವಾಂತಿ ಭೇದಿ ಜೋರಾಗಿ ಆದಾಗ, ಬಿಪಿಗೆ ಮೂತ್ರ ಹೆಚ್ಚು ಹೋಗೋ ಮಾತ್ರೆ ತಗೊಂಡಾಗ ಪೊಟ್ಯಾಸಿಯಂ ಕಳೆದುಹೋಗುತ್ತೆ. ಈಗ ಒಂದು ಸಾಮಾನ್ಯ ಸನ್ನಿವೇಶ ಯೋಚಿಸಿ. ಹೊರಗಡೆ ಏನೋ ತಿಂದು ಹೊಟ್ಟೆ ಕೆಟ್ಟಿದೆ, ಎರಡು ದಿನದಿಂದ ಭೇದಿ. ಮೆಡಿಕಲ್ ಶಾಪಿಗೆ ಹೋಗಿ 'ವಾಂತಿಗೊಂದು, ಇನ್‌ಫೆಕ್ಷನ್‌ಗೊಂದು ಕೊಡಿ' ಅಂತೀವಿ. ಮನೇಲಿ ಹಳೇ ಫಂಗಸ್ ಮಾತ್ರೆ ಬೇರೆ ಇರುತ್ತೆ. ಪೊಟ್ಯಾಸಿಯಂ ಮೊದಲೇ ಖಾಲಿ, ಮೇಲೆ ಮೂರು ಮಾತ್ರೆ ಒಂದೇ ಬಾಗಿಲಿಗೆ ಅಡ್ಡ. ಇಂಥ ಹೊತ್ತಲ್ಲಿ ಮೊದಲು ಬೇಕಾದ್ದು ಓಆರ್‌ಎಸ್. ಪ್ಯಾಕೆಟ್ ಹಿಂದೆ ಓದಿ, ಪೊಟ್ಯಾಸಿಯಂ ಕ್ಲೋರೈಡ್ ಅಂತ ಬರೆದಿರುತ್ತೆ.

ಹಾಗಂತ 'ಪೊಟ್ಯಾಸಿಯಂ ಒಳ್ಳೇದು' ಅಂತ ವಾಟ್ಸಾಪ್ ನೋಡಿ ಬಾಳೆಹಣ್ಣು, ಎಳನೀರು ಔಷಧಿ ಥರ ತಗೋಬೇಡಿ. ಆರೋಗ್ಯವಾಗಿದ್ರೆ ಎಷ್ಟು ಬೇಕೋ ಅಷ್ಟು ತಿನ್ನಿ. ಕಿಡ್ನಿ ತೊಂದರೆ ಇರೋರಿಗೆ ಪೊಟ್ಯಾಸಿಯಂ ಹೊರಗೆ ಹೋಗಲ್ಲ, ಅದು ಹೆಚ್ಚಾದ್ರೂ ಹೃದಯ ನಿಲ್ಲಬಹುದು. ಕಮ್ಮಿಯೂ ಆಗಬಾರದು, ಜಾಸ್ತಿಯೂ ಆಗಬಾರದು.

ನಮ್ಮ ಮನೇಲೂ ಒಂದು ಬಿಸ್ಕತ್ ಡಬ್ಬಿ ತುಂಬ ಉಳಿದ ಮಾತ್ರೆಗಳಿದ್ವು. ಈ ಎಪಿಸೋಡ್‌ಗೆ ಓದ್ತಾ ಇದ್ದಾಗ ಅಮ್ಮನ ಹತ್ರ ಕೂತು ಎಲ್ಲಾ ಸುರಿದು ನೋಡಿದ್ವಿ. 'ಇದ್ಯಾವುದಕ್ಕೆ ಕೊಟ್ಟಿದ್ದು ಅಂತ ನಂಗೂ ನೆನಪಿಲ್ಲ ಕಣೇ, ದುಡ್ಡು ಕೊಟ್ಟು ತಂದಿದ್ದು ಎಸೆಯೋದು ಹೇಗೆ?' ಅಂದ್ರು ಅಮ್ಮ. ಅವರ ಮಾತಲ್ಲೂ ನ್ಯಾಯ ಇದೆ. ಆದ್ರೆ ಯಾವುದಕ್ಕೆ ಅಂತ ನೆನಪಿಲ್ಲದ ಮಾತ್ರೆ ಉಳಿತಾಯ ಅಲ್ಲ.

ಹಾಗಾಗಿ ಮೂರು ಕೆಲಸ ಮಾಡಿ. ಒಂದು, ನೀವು ಮತ್ತು ನಿಮ್ಮ ಮನೆಯ ಹಿರಿಯರು ದಿನಾ ತಗೊಳ್ಳೋ ಮಾತ್ರೆಗಳ ಪಟ್ಟಿ ಮಾಡಿ, ಫೋಟೋ ತೆಗೆದು ಫೋನಲ್ಲಿ ಇಟ್ಕೊಳ್ಳಿ. ಯಾವ ಡಾಕ್ಟರ್ ಹತ್ರ ಹೋದ್ರೂ, ಹಲ್ಲಿನ ಡಾಕ್ಟರ್ ಆದ್ರೂ, ಮೊದಲು ಅದನ್ನ ತೋರಿಸಿ. ಎರಡು, ಸ್ಟ್ರಿಪ್ ಮೇಲೆ ಕೆಂಪು ಗೆರೆ ಇದ್ರೆ ಚೀಟಿ ಇಲ್ಲದೆ ತಗೋಬೇಡಿ. ಮೂರು, ಹೊಸ ಮಾತ್ರೆ ಶುರು ಮಾಡಿದ ಮೇಲೆ ಎದೆ ಹೊಡ್ಕೊಂಡ್ರೆ, ಕಣ್ಣು ಕತ್ತಲಾದ್ರೆ 'ಸುಸ್ತು' ಅಂತ ಮಲಗಬೇಡಿ, ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಮತ್ತೆ ದಯವಿಟ್ಟು, ನನ್ನ ಮಾತು ಕೇಳಿ ಡಾಕ್ಟರು ಕೊಟ್ಟಿರೋ ಮಾತ್ರೆ ನೀವಾಗೇ ನಿಲ್ಲಿಸಬೇಡಿ. ಕೇಳಿ. 'ಡಾಕ್ಟ್ರೇ, ಇದು ನನ್ನ ಬೇರೆ ಮಾತ್ರೆ ಜೊತೆ ಆಗುತ್ತಾ?' ಇಷ್ಟೇ ಪ್ರಶ್ನೆ. ಆ 39 ವರ್ಷದ ಮಹಿಳೆ ಎಂಟನೇ ದಿನ ಯಾರನ್ನಾದ್ರೂ ಕೇಳಬಹುದಾಗಿದ್ದ ಪ್ರಶ್ನೆ ಕೂಡ ಇದೇ.

ಇವತ್ತಿಗೆ ಇಷ್ಟು. ಊರಲ್ಲಿರೋ ಅಪ್ಪ ಅಮ್ಮನಿಗೆ, ಅಜ್ಜಿ ತಾತನಿಗೆ ಈ ಎಪಿಸೋಡ್ ಕಳಿಸಿ. ಪ್ರಶ್ನೆ ಇದ್ರೆ ಬರೆಯಿರಿ, ಓದ್ತೀನಿ. ಮುಂದಿನ ವಾರ ಸಿಗೋಣ, ನಮಸ್ಕಾರ.